ಅವ್ವ ಒರಗುತ್ತಿದ್ದ ಗೋಡೆ

ಚಂದ್ರನ ಮೇಲಿನ ಆ ಊರಿನಲ್ಲಿ ಎರಡೆರಡು ಮನೆಗಳ ನಡುವೆ ಒಂದೇ ಗಾಜಿನ ಗೋಡೆ. ಕಿಟಕಿಯಿಂದ ನುಗ್ಗುವ ಅಂತರಿಕ್ಷದ ಭಾರವಾದ ಕಣಗಳು ಗಾಜಿನೊಳಗೆ ಕೂದಲೆಳೆಯಷ್ಟು ದಾರಿಯನ್ನು ಕರಗಿಸಿಕೊಂಡು ಹೋಗುತ್ತಿದ್ದವು. ಕರಗಿದ್ದು ರೆಪ್ಪೆ ಮುಚ್ಚುವುದರೊಳಗೆ ಗಟ್ಟಿಯಾದರೂ ಮಬ್ಬಾಗಿಯೇ ಉಳಿದು ಗೋಡೆಯ ಬಲ ಕುಗ್ಗಿಸುತ್ತಿತ್ತು. ಯಾವ ಗೋಡೆ ಎಲ್ಲಿಯವರೆಗೆ ತಾಳೀತೆಂದು ಲೆಕ್ಕ ಹಾಕುವುದು ವಾರಿಜೆಯ ಕೆಲಸ.

ಅವಳ ಮನೆಯ ಗೋಡೆಯೂ ಮಬ್ಬಾಗಿತ್ತು, ಒಂದು ಜಾಗ ಬಿಟ್ಟು. ತೀರಿಹೋದ ಅವ್ವ ದಿನವೂ ಕಿಟಕಿಯಾಚೆಯ ಭೂಮಿಯನ್ನು ನೋಡುತ್ತ ಒರಗಿ ಕೂರುತ್ತಿದ್ದ ಜಾಗವದು. ಕಣಗಳನ್ನೆಲ್ಲ ಅವಳ ಮೈ ತಡೆದಿದ್ದರಿಂದ ಅಲ್ಲಿ ತುರುಬು, ಹೆಗಲು, ಬೆನ್ನಿನ ಆಕಾರದಲ್ಲಿ ಗಾಜು ತಿಳಿಯಾಗಿ ಉಳಿದಿತ್ತು. ಕೆಲಸದಿಂದ ಬಂದೊಡನೆ ವಾರಿಜೆ ಆ ಹೆಗಲಿಗೆ ಕೆನ್ನೆಯಾನಿಸಿ ಕೂರುತ್ತಿದ್ದಳು.

ಮಬ್ಬಾದ ಗೋಡೆಗಳನ್ನು ಕಾಯಿಸಿ ಸರಿಪಡಿಸುವ ತಿಪ್ಪೇಶ ಬಂದು ನಿಂತ. "ಅಕ್ಕಾ, ಇದನ್ನ ಕಾಯಿಸ್ದೆ ಬಿಟ್ರೆ ಸೀಳಿ ಹೋಗುತ್ತೆ ಅಂತ ಲೆಕ್ಕ ಕೊಟ್ಟೋರು ನೀವೇ."

"ಕಾಯಿಸಿದ್ರೆ ಎಲ್ಲಾ ಕಡೆ ಒಂದೇ ಥರ ತಿಳಿಯಾಗ್ಬಿಡುತ್ತೆ ಕಣೋ. ಆಮೇಲೆ ಅವ್ವನ್ನ ಎಲ್ಲಿ ಅಂತ ಹುಡುಕ್ಲಿ? ಇನ್ನೊಂದು ವರ್ಷ ಬಿಡು. ಏನವಸರ ನಿಂಗೆ?"

ಆಚೆ, ಗೋಡೆಗೆ ತಾಗಿದಂತೆಯೇ ಪಕ್ಕದ ಮನೆಯ ಕೂಸಿನ ತೊಟ್ಟಿಲು ತೂಗುತ್ತಿತ್ತು. ಅವ್ವನ ಬೆನ್ನಿನ ಮೂಲಕ ಅದು ವಾರಿಜೆಗೆ ನಿಚ್ಚಳವಾಗಿ ಕಂಡಿತು.

"ಕಾಯಿಸು," ಎಂದಳು.

ತೊಟ್ಟಿಲನ್ನು ಅತ್ತ ಸರಿಸಿದ ಮೇಲೆ ಗೋಡೆ ಹದವಾಗಿ ಕಾದು, ಮೆಲ್ಲನೆ ಆರಿತು. ಇಡೀ ಗೋಡೆ ಅವ್ವನಷ್ಟೇ ತಿಳಿಯಾಯಿತು. ತಿಪ್ಪೇಶ ಹೋದ ಮೇಲೆ ವಾರಿಜೆ ಎಂದಿನಂತೆ ಕೆನ್ನೆಯಾನಿಸಲು ಬಂದಳು. ಎಲ್ಲಿ ಒರಗಬೇಕೆಂದು ಗೊತ್ತಾಗದೆ ನಿಂತೇ ಇದ್ದಳು.