ಕಚ್ಚಿಕೊಂಡ ಪಿಸ್ಟನ್

ಮೂರು ಊರುಗಳ ಮೇಸ್ತ್ರಿಗಳು ಈ ಸಂಗತಿ ತಮ್ಮ ಗ್ಯಾರೇಜಿನಲ್ಲೇ ನಡೆದದ್ದೆಂದು ಹೇಳುತ್ತಾರೆ.

ಹದಿನಾಲ್ಕು ವರ್ಷ ಜೈಲಿನಲ್ಲಿದ್ದು ಬಂದವನೊಬ್ಬ ತುಕ್ಕು ಹಿಡಿದ ಟೂ-ಸ್ಟ್ರೋಕ್ ಬೈಕನ್ನು ತಳ್ಳಿಕೊಂಡು ಬಂದು, ಮಚ್ಚನ್ನು ಮೇಜಿನ ಮೇಲಿಟ್ಟ.

“ಅಣ್ಣನ ಗಾಡಿ, ಮೇಸ್ತ್ರಿ. ಇದರ ಮ್ಯಾಲಿಂದ ಕೆಡವಿ ಅವನ್ನ ಇಬ್ಬರು ಕೊಂದ್ರು. ಒಬ್ಬನ್ನ ಅವತ್ತೇ ಕಡಿದೆ. ಇನ್ನೊಬ್ಬನ್ನ ಕಡಿಯಾಕ ಇದರ ಮ್ಯಾಲೇ ಹೋಗಾಂವ ನಾ. ಸಂಜೀಕ ಚಾಲೂ ಆಗಬೇಕು.”

“ಕೆಡವಿದ್ದು ನೀ ಕಂಡಿಯೇನು?”

“ಬಿದ್ದ ಅಣ್ಣನ ಹತ್ರ ನಿಂತವರು ಅವರಿಬ್ಬರೇ. ಮತ್ತೇನು ಸಾಕ್ಷಿ ಬೇಕು?”

ಮೇಸ್ತ್ರಿ ಎಂಜಿನ್ ಬಿಚ್ಚಿದ. ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಸುತ್ತಿಗೆಯಿಂದ ಹೊಡೆದು ಹೊರತೆಗೆದಾಗ ಅದರ ಮೈತುಂಬ ಗೀರುಗಳು ಕಂಡವು.

“ಯಾರೂ ಕೆಡವಿಲ್ಲಪಾ. ಇಂಥಾ ಗಾಡಿಗೆ ಪೆಟ್ರೋಲಿನೊಳಗ ಆಯಿಲ್ ಕೂಡಿಸೇ ಹಾಕಬೇಕು, ಕೂಡಿಸಿಲ್ಲ. ಓಡೂವಾಗ ಎಂಜಿನ್ ಹಿಡಕೊಂಡು ಗಾಲಿ ನಿಂತೈತಿ, ಅದಕ್ಕ ನಿಮ್ಮಣ್ಣ ಬಿದ್ದಾನ.”

ಅವನು ಮಚ್ಚನ್ನು ಮೇಸ್ತ್ರಿಯ ಕೊರಳಿಗೆ ಒತ್ತಿದ. “ಸುಳ್ಳು ಹೇಳಿದ್ರ ತಲಿ ಉರುಳತೈತಿ.”

“ಕಡಿ ಬೇಕಾದ್ರ. ಆದ್ರ ಅವತ್ತು ಪೆಟ್ರೋಲ್ ಹಾಕಿದಾಂವ ಯಾರು, ಮೊದಲು ಅವನ್ನ ಕೇಳು.”

ಮಚ್ಚು ಕೊರಳಿನಿಂದ ಸರಿಯಿತು.

“ಅಣ್ಣ ಗಡಿಬಿಡಿಯೊಳಗಿದ್ದ, ಮೇಸ್ತ್ರಿ,” ಎಂದ ಅವನು. “ನಾನೇ ಹಾಕಿದ್ದೆ.”