ನನ್ನ ಕಡೆ ಎಲ್ಲ ಸರಿ ಇದೆ

"ನನ್ನ ಕಡೆ ಎಲ್ಲ ಸರಿ ಇದೆ ಅಕ್ಕಾ," ಎಂದ ಬೀಗಣ್ಣ, ಕುರ್ಚಿಯನ್ನು ತಿರುಗಿಸುವ ಗೋಜಿಗೂ ಹೋಗದೆ.

ಬೆಳಗ್ಗೆಯಿಂದ ಈ ಮಾತನ್ನು ಎಷ್ಟು ಸಲ ಕೇಳಿದ್ದಳೋ, ಅಕ್ಕ ಲೆಕ್ಕ ಬಿಟ್ಟಿದ್ದಳು. ಟೆಸ್ಟಿಂಗ್ ವಿಭಾಗದ ಹಿರಿಯಳಾದ ಅವಳು ಆಫೀಸಿಗೆಲ್ಲ ಅಕ್ಕ. ಅವಳ ಪರದೆಯ ಮೇಲೆ ಮಾತ್ರ ಅದೇ ಕೆಂಪು ಅಕ್ಷರ: ಸಂಪರ್ಕ ಸಾಧ್ಯವಾಗಲಿಲ್ಲ. ಟೆಸ್ಟ್ ಮಾಡುವುದಕ್ಕೆಂದೇ ಹೋದ ವಾರ ಎರಡು ಸರ್ವರ್‌ಗಳನ್ನು ಜೋಡಿಸಿದ್ದರು. ಒಂದರಲ್ಲಿ ಆರ್ಡರ್‌ಗಳು, ಇನ್ನೊಂದರಲ್ಲಿ ಗ್ರಾಹಕರ ಹೆಸರು, ವಿಳಾಸ. ಮೊದಲನೆಯದು ಎರಡನೆಯದನ್ನು ಕೇಳಿ ಹೆಸರು ತರಬೇಕು, ಅಷ್ಟೇ ಕೆಲಸ. ನಿನ್ನೆಯವರೆಗೆ ಹಾಲು ಜೇನಿನಂತಿದ್ದ ಜೋಡಿ ಇವತ್ತು ಮುಖ ತಿರುಗಿಸಿ ಕೂತಿತ್ತು. ಕೊನೆಯ ಟೆಸ್ಟ್ ಮುಗಿಸಿ 'ಪಾಸ್' ಎಂದು ಒತ್ತುವವರೆಗೂ ಜಾಗ ಬಿಟ್ಟು ಕದಲಬೇಡಿ ಎಂದು ಮ್ಯಾನೇಜರ್ ಬೇರೆ ಅಪ್ಪಣೆ ಮಾಡಿದ್ದರು.

ಅತ್ತ ಕಣ್ಣಾಸ್ಪತ್ರೆಯಲ್ಲಿ ಅಪ್ಪ ಕಾಯುತ್ತಿದ್ದರು. ನಿನ್ನೆ ಪೊರೆ ತೆಗೆದಿದ್ದರು, ಇವತ್ತು ಐದು ಗಂಟೆಗೆ ಪಟ್ಟಿ ಬಿಚ್ಚುತ್ತಾರೆ. ನಾಲ್ಕೈದು ವರ್ಷದಿಂದ ಅವರ ಪಾಲಿಗೆ ಎದುರಿಗಿದ್ದವರೆಲ್ಲ ಮಸುಕು ಮಸುಕು. "ನರ್ಸಮ್ಮನ ಮುಖ ಆಮೇಲೆ ನೋಡಿದ್ರಾಯ್ತು. ಮೊದಲು ನಿನ್ನ ಮುಖ ಕಾಣಬೇಕು ನಂಗೆ. ನೀನು ಬರದೇ ಇದ್ರೆ ನಾನು ಕಣ್ಣೇ ಬಿಡಲ್ಲ ನೋಡು!" ಎಂದು ಹಟ ಹಿಡಿದಿದ್ದರು. ಆ ಹಟ ನೆನಪಾದರೆ ಅಕ್ಕನಿಗೆ ನಗುವೂ ಬರುತ್ತಿತ್ತು, ಕರುಳೂ ಚುರುಕ್ ಎನ್ನುತ್ತಿತ್ತು. ಗಡಿಯಾರ ನಾಲ್ಕು ದಾಟಿತ್ತು.

ಬೀಗಣ್ಣ ಡೇಟಾಬೇಸ್ ನೋಡಿಕೊಳ್ಳುವವನು. ಭದ್ರತೆ ಎಂದರೆ ಪ್ರಾಣ. ಊಟದ ಡಬ್ಬಿಗೂ ಬೀಗ ಹಾಕಿಕೊಂಡು ಬರುತ್ತಾನೆ ಎಂದು ಆಡಿಕೊಂಡು ಆಡಿಕೊಂಡೇ ಆ ಹೆಸರು ಅಂಟಿತ್ತು. ಆಸಾಮಿ ಒಳ್ಳೆಯವನೇ. ತಪ್ಪು ಎನ್ನುವುದು ತನ್ನ ಮೇಜಿನ ಹತ್ತಿರವೂ ಸುಳಿಯುವುದಿಲ್ಲ ಎಂಬ ನಂಬಿಕೆಯೊಂದನ್ನು ಬಿಟ್ಟರೆ ಬೇರೆ ದೋಷವಿರಲಿಲ್ಲ.

"ಕೇಬಲ್ ನೋಡ್ದೆ. ಎರಡೂ ಸರ್ವರ್ ಆಫ್ ಮಾಡಿ ಆನ್ ಮಾಡ್ದೆ. ಬೇಕಾದ್ರೆ ನೀವೇ ನೋಡಿ," ಎಂದವನೇ ಎರಡನೆಯ ಸರ್ವರಿನ ಪಾಸ್‌ವರ್ಡನ್ನು ಟಪಟಪ ಕುಟ್ಟಿದ. ಅದು ಮರುಮಾತಿಲ್ಲದೆ ತೆರೆದುಕೊಂಡಿತು. "ನೋಡಿದ್ರಾ? ಬಾಗಿಲು ಹಾರು ಹೊಡೆದಿದೆ. ನಿಮ್ಮ ಟೆಸ್ಟೇ ಎಲ್ಲೋ ಎಡವಿರಬೇಕು."

"ನಿನ್ನೆ ನೆಟ್ಟಗೆ ನಡೀತಾ ಇತ್ತಲ್ಲೋ ಮಹಾರಾಯ! ಬೆಳಗಾಗೋದ್ರಲ್ಲಿ ಕಾಲು ಮುರೀತಾ ಅದಕ್ಕೆ?"

ಅಷ್ಟರಲ್ಲಿ ಬೀಗಣ್ಣನ ಫೋನು ಬಡಿದುಕೊಂಡಿತು. ಕೈ ಕೀಬೋರ್ಡ್ ಬಿಡದ್ದರಿಂದ ಸ್ಪೀಕರಿಗೆ ಹಾಕಿದ. ಅವನ ತಾಯಿ.

"ಏನೋ, ಬೆಳಗ್ಗೆಯಿಂದ ಟಿವಿಗೆ ನೆಟ್ಟೇ ಬರ್ತಿಲ್ಲ ಕಣೋ. ನನ್ನ ಧಾರಾವಾಹಿ ಹೊತ್ತಾಯ್ತು."

"ಆಫ್ ಮಾಡಿ ಆನ್ ಮಾಡಮ್ಮ."

"ಮಾಡಿ ಮಾಡಿ ಬೆರಳು ಸವೀತು. ಜಪ್ಪಯ್ಯ ಅಂದ್ರೂ ಬರಲ್ಲ ಅಂತಿದೆ."

"ಬೆಳಗ್ಗೆ ನನ್ನ ಫೋನಲ್ಲಿ ಚೆನ್ನಾಗೇ ಬರ್ತಿತ್ತಲ್ಲಮ್ಮ. ನನ್ನ ಕಡೆ ಎಲ್ಲ ಸರಿ ಇದೆ. ಟಿವಿನೇ ಕೆಟ್ಟಿರಬೇಕು."

ಅಕ್ಕನ ಕಿವಿ ನೆಟ್ಟಗಾಯಿತು. "ಇವನೇ, ಮನೆ ವೈಫೈ ಪಾಸ್‌ವರ್ಡ್ ಏನಾದ್ರೂ ಬದಲಾಯಿಸಿದ್ಯಾ?"

"ಬದಲಾಯಿಸದೆ ಇರ್ತೀನಾ? ಇವತ್ತು ಒಂದನೇ ತಾರೀಖು!" ಬೀಗಣ್ಣನ ಎದೆ ಉಬ್ಬಿತು. "ಪ್ರತಿ ತಿಂಗಳೂ ಇಲ್ಲಿ ಎಲ್ಲ ಪಾಸ್‌ವರ್ಡ್ ಬದಲಾಯಿಸ್ತೀನಿ. ಈ ತಿಂಗಳಿಂದ ಮನೇಲೂ ಶುರು ಮಾಡಿದೀನಿ."

"ಟಿವಿಗೆ ಹೇಳಿದ್ಯಾ?"

ಬೀಗಣ್ಣನ ಕೈ ಕೀಬೋರ್ಡ್ ಬಿಟ್ಟಿತು.

"ಹೋಗಲಿ, ಇಲ್ಲಿ ಎರಡನೇ ಸರ್ವರಿಂದು ಬದಲಾಯಿಸಿದ್ಯಲ್ಲ, ಮೊದಲನೇದಕ್ಕೆ ಹೇಳಿದ್ಯಾ?"

ಈಗ ಕುರ್ಚಿ ತಿರುಗಿತು. ಪಾಪ, ಮೊದಲನೆಯ ಸರ್ವರ್ ಹಳೆಯ ಪಾಸ್‌ವರ್ಡನ್ನೇ ಹಿಡಿದುಕೊಂಡು ಬೆಳಗ್ಗೆಯಿಂದ ಬಾಗಿಲು ತಟ್ಟುತ್ತಲೇ ಇತ್ತು. ಹೊಸದು ಗೊತ್ತಿದ್ದದ್ದು ಬೀಗಣ್ಣ ಒಬ್ಬನಿಗೇ. ಅವನು ತಟ್ಟಿದರೆ ತೆರೆಯದೆ ಇನ್ನೇನು!

"ಅಲ್ವೋ, ಬದಲಾಯಿಸೋದೇನೋ ಬದಲಾಯಿಸ್ತೀಯ, ದಿನಾ ಜೊತೇಲಿರೋರಿಗೆ ಒಂದು ಮಾತು ಹೇಳಬಾರದಾ? ಎಲ್ಲ ಸರಿ ಇದೆ, ಎಲ್ಲ ಸರಿ ಇದೆ ಅಂತ ಕೂತ್ಕೊಂಡ್ರೆ ಅವರಿಗೆ ಹೇಗೆ ಗೊತ್ತಾಗಬೇಕು?"

"ಹಾಗೆ ಕೇಳಮ್ಮ ಅವನನ್ನ!" ಎಂದಿತು ಮೇಜಿನ ಮೇಲಿಂದ ಫೋನು. ತಾಯಿ ಇನ್ನೂ ಇಟ್ಟಿರಲಿಲ್ಲ.

ಬೀಗಣ್ಣ ಪೆಚ್ಚುಮೋರೆ ಹಾಕಿಕೊಂಡು ಮೊದಲನೆಯ ಸರ್ವರಿಗೆ ಹೊಸ ಪಾಸ್‌ವರ್ಡ್ ತುಂಬಿದ. ಕೆಂಪು ಹೋಗಿ ಹಸಿರು ಬಂತು, ಹೆಸರುಗಳು ಸಾಲಾಗಿ ಇಳಿದವು. ಟೆಸ್ಟ್ ಮುಗಿದದ್ದೇ ಅಕ್ಕ 'ಪಾಸ್' ಒತ್ತಿ, ಚೀಲ ಎಳೆದುಕೊಂಡು, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿದಳು. ದಾರಿಯುದ್ದಕ್ಕೂ ಬೀಗಣ್ಣನ ಪೆಚ್ಚುಮೋರೆ ನೆನೆದು ಒಬ್ಬಳೇ ನಕ್ಕಳು. ಅಪ್ಪನಿಗೆ ಹೇಳಿ ನಗಿಸಬೇಕು ಎಂದುಕೊಂಡಳು.

ಆಸ್ಪತ್ರೆಯ ಕೋಣೆಗೆ ಅವಳು ಏದುಸಿರು ಬಿಡುತ್ತ ನುಗ್ಗುವಾಗ ನರ್ಸಮ್ಮ ಪಟ್ಟಿಯ ಅಂಟು ಬಿಡಿಸುತ್ತಿದ್ದಳು. "ಬಂದ್ಯಾ?" ಎಂದರು ಅಪ್ಪ. "ಬಂದೆ, ಕಣ್ಣು ಬಿಡಿ," ಎಂದು ಅಕ್ಕ ಎದುರಿಗೇ ಕೂತಳು.

ಅಪ್ಪ ಮೆಲ್ಲಗೆ ಕಣ್ಣು ಬಿಟ್ಟರು. ನೋಡಿದರು. ನೋಡುತ್ತಲೇ ಇದ್ದರು.

"ಏನಪ್ಪ, ಹಾಗೆ ನೋಡ್ತೀರಿ? ನಾನು ಹೇಗಿದ್ನೋ ಹಾಗೇ ಇದೀನಲ್ಲ."

ಅಪ್ಪ ಕೈ ಚಾಚಿ ಅವಳ ಕಿವಿಯ ಪಕ್ಕದ ಕೂದಲನ್ನು ಮುಟ್ಟಿದರು.

"ಕೇಳಿದಾಗೆಲ್ಲ ಚೆನ್ನಾಗಿದೀನಿ, ಚೆನ್ನಾಗಿದೀನಿ ಅಂತಿದ್ಯಲ್ಲೇ. ಕಣ್ಣು ಗುಳಿ ಬಿದ್ದಿದೆ, ತಲೆ ಅರ್ಧ ಬೆಳ್ಳಗಾಗಿದೆ. ಒಂದೇ ಮನೇಲಿ ಇದ್ದು, ನನಗೊಂದು ಮಾತು ಹೇಳಬಾರದಿತ್ತೇನೇ?"