ಮೂರು ಸಲ ಕಾಲೂರಿದವನು

ತಾಂಕ್ರೇದಿ ಕಾಲೂರಿದ. ಇನ್ನೂ ಭತ್ತದ ಬಯಲೇ ಮುಗಿದಿರಲಿಲ್ಲ, ದ್ರಾಕ್ಷಿ ಗುಡ್ಡಗಳು ಪೊ ನದಿಯಾಚೆ ಮಂಜಿನಲ್ಲಿ ಅರ್ಧ ಮುಳುಗಿದ್ದವು. ಅಷ್ಟರಲ್ಲೇ ಈ ಮಿಲಾನಿನ ಮಹಾಶಯ ಕಾಲುವೆ ದಂಡೆಯ ಜಲ್ಲಿಯ ಮೇಲೆ ಸೈಕಲ್ ನಿಲ್ಲಿಸಿಬಿಟ್ಟಿದ್ದ.

"ಎರಡು ನಿಮಿಷ, ಸಿನ್ಯೋರ್ ಎರ್ಮೆತೆ. ನನ್ನಿಂದ ಆಗ್ತಿಲ್ಲ."

"ಒಂದು," ಎಂದು ಎರ್ಮೆತೆ ಬೆರಳೆತ್ತಿ ತೋರಿಸಿದ.

ಈ ಭಾಗದ ಜಲ್ಲಿದಾರಿ ಸವಾರರಲ್ಲಿ ಅದೇ ಕಟ್ಟಳೆ. ಗುಡ್ಡದ ಮೇಲಿನ ಚರ್ಚಿನ ಅಂಗಳ ಮುಟ್ಟುವ ಮುನ್ನ ಮೂರು ಸಲ ನೆಲಕ್ಕೆ ಕಾಲೂರಿದವನು ಸೋತ. ಸೋತವನು ಎಲ್ಲರಿಗೂ ವೈನ್ ಬಗ್ಗಿಸಿ ಕೊಡಬೇಕು. ಒಬ್ಬ ನಿಂತರೆ ಜೊತೆಗಾರನೂ ನಿಲ್ಲಬೇಕು, ಬಿಟ್ಟು ಹೋಗುವಂತಿಲ್ಲ; ಅದು ಅವನ ಲೆಕ್ಕಕ್ಕೆ ಸೇರುವುದಿಲ್ಲ. ಎರ್ಮೆತೆ ನಲವತ್ತು ವರ್ಷದಲ್ಲಿ ಒಮ್ಮೆಯೂ ಬಗ್ಗಿಸಿ ಕೊಟ್ಟವನಲ್ಲ.

ಈ ಸಲ ಪಣ ವೈನಿನದಷ್ಟೇ ಆಗಿರಲಿಲ್ಲ. ಮುಂದಿನ ಶನಿವಾರ ಅವನ ಮಗಳು ಒತ್ತಾವಿಯಾ ಈ ತಾಂಕ್ರೇದಿಯನ್ನು ಮದುವೆಯಾಗುವವಳಿದ್ದಳು. ಮಿಲಾನಿನಲ್ಲಿ ಮೇಜುದೀಪಗಳ ಚಿತ್ರ ಬರೆದು ಹೊಟ್ಟೆ ಹೊರೆಯುವವನನ್ನು. ಎರ್ಮೆತೆ ಊಟದ ಮೇಜಿನಲ್ಲಿ ಖಡಾಖಂಡಿತವಾಗಿ ಹೇಳಿದ್ದ: "ಇವನು ಸೋಲದೆ ಗುಡ್ಡ ಹತ್ತಿದರೆ ನಿನ್ನ ಕೈ ಹಿಡಿದು ಚರ್ಚಿಗೆ ಕರ್ಕೊಂಡು ಬರ್ತೀನಿ. ಸೋತರೆ ಒಬ್ಬಳೇ ನಡೆ." ತಾಯಿಯಿಲ್ಲದ ಹುಡುಗಿ ಬಾಯಿಗೆತ್ತಿದ ತುತ್ತು ಕೆಳಗಿಟ್ಟಿದ್ದಳು.

ಈಗ ಆ ವೀರನ ಅವತಾರ ನೋಡಬೇಕಿತ್ತು. ಗಾಳಿಯಷ್ಟು ಹಗುರದ ಸೈಕಲ್ಲು, ಮೈಗಂಟಿದ ಅಂಗಿ, ಹಿಡಿಕೆಯ ಮೇಲೆ ಮಿಣಮಿಣ ಎನ್ನುವ ಒಂದು ಯಂತ್ರ. ದಾರಿ ನೋಡುವುದಕ್ಕಿಂತ ಹೆಚ್ಚು ಅದನ್ನೇ ನೋಡುತ್ತಿದ್ದ. ಎದುರುಗಾಳಿ ರಾಚುತ್ತಿದ್ದರೂ ಒಂದು ಸಲವಾದರೂ ಮುಂದೆ ಬಂದು ಗಾಳಿ ತಡೆದನೇ? ಇಲ್ಲ. ಎರ್ಮೆತೆಯ ಹಿಂಚಕ್ರಕ್ಕೆ ಉಣ್ಣಿಯಂತೆ ಕಚ್ಚಿಕೊಂಡಿದ್ದ. ಎರಡು ಮಾರು ಹಿಂದೆ ಬಿದ್ದರೆ ಸಾಕು, ತುಳಿದು ತುಳಿದು ಮತ್ತೆ ಅಂಟಿಕೊಳ್ಳುತ್ತಿದ್ದ.

"ಏನದು, ನಿನ್ನ ಜಾತಕವಾ?" ಎಂದು ಎರ್ಮೆತೆ ಯಂತ್ರದತ್ತ ಗದ್ದ ತೋರಿಸಿದ.

"ಎದೆಬಡಿತ ತೋರಿಸುತ್ತೆ, ಸಿನ್ಯೋರೆ. ನೂರ ಅರವತ್ತೆಂಟಾಗಿತ್ತು. ಇಳಿಯಲಿ ಅಂತ."

"ಮೂವತ್ತನಾಲ್ಕು ವಯಸ್ಸಿಗೆ ಕೋಳಿಮರಿ ಎದೆ. ನನಗೆ ಅರವತ್ತೆಂಟು. ನನ್ನದನ್ನ ಯಾವ ಡಬ್ಬಿಯೂ ಅಳೆದಿಲ್ಲ."

ತಾಂಕ್ರೇದಿ ನೀರಿನ ಸೀಸೆ ಮುಂದೆ ಚಾಚಿದ. ತನ್ನ ಉಸಿರು ಸಿಕ್ಕಾಪಟ್ಟೆ ಏರಿದ್ದರಿಂದ ಎರ್ಮೆತೆ ಅದನ್ನು ಕಸಿದು ಕುಡಿದ. ಮುಂದೆ ನಿಂತು ಗಾಳಿ ಸೀಳಿದವನಿಗೆ ಉಸಿರು ಏರದೆ ಇರುತ್ತದೆಯೇ.

ನದಿ ದಾಟಿದ ಮೇಲೆ ಬಿಳಿ ಜಲ್ಲಿಯ ದಾರಿ ಬಳ್ಳಿಗಳ ಸಾಲಿನ ನಡುವೆ ಮೇಲೆದ್ದಿತು. ಎರ್ಮೆತೆಯ ತೋಟ ಅಲ್ಲೇ. ಏಪ್ರಿಲ್‌ನಲ್ಲಿ ಕವಲು ಕತ್ತರಿಸುವಾಗ ಅವನು ಅಲ್ಲಿ ಅರ್ಧ ಗಂಟೆ ಕುಸಿದು ಕೂತಿದ್ದ. ಹಳಸಿದ ಸಲಾಮಿ ಮಾಂಸ ತಿಂದದ್ದಕ್ಕೆ. ಅಷ್ಟಕ್ಕೇ ಒತ್ತಾವಿಯಾ ವೈದ್ಯರ ಹತ್ತಿರ ನಡೆ ಎಂದು ಆರು ತಿಂಗಳು ತಲೆ ತಿಂದಿದ್ದಳು. ಇಂದು ಬೆಳಗ್ಗೆಯೂ ಅಷ್ಟೇ: ಕುತ್ತಿಗೆಗೆ ಕರವಸ್ತ್ರ ಸುತ್ತಿದಳು, ಅಂಗಿಯೊಳಗೆ ಎದೆಗೊಂದು ಪಟ್ಟಿ ಬಿಗಿದಳು, ಜೇಬಿಗೆ ಅಂಜೂರ ತುರುಕಿದಳು, ಫೋನ್ ಮರೀಬೇಡ ಎಂದಳು. ಬೇಡ ಎಂದದ್ದಕ್ಕೆ, "ಪಪ್ಪಾ, ನಿನ್ನ ಚಕ್ರದ ಗಾಳಿ ಬಿಟ್ಟುಬಿಡ್ತೀನಿ" ಎಂದು ಹೆದರಿಸಿದಳು. ಹೆಣ್ಣುಮಕ್ಕಳ ಹಟ. ಅವನು ಸುಮ್ಮನೆ ಕತ್ತು ಕೊಟ್ಟಿದ್ದ.

ಮೊದಲ ಏರಿನ ನಡುವೆಯೇ ಹಿಂದಿನಿಂದ ಜಲ್ಲಿ ಕರಕರ ಎಂದಿತು.

"ಎರಡು," ಎಂದ ಎರ್ಮೆತೆ, ತಿರುಗಿ ನೋಡದೆ. ಮಾತು ತುಂಡುತುಂಡಾಗಿ ಹೊರಬಂತು. ಕಾಯುವ ನೆಪದಲ್ಲಿ ಅವನು ಬೇಲಿಗೂಟ ಹಿಡಿದುಕೊಂಡ. ಇಂಥ ಹೇಡಿಗೆ ಕಾಯಬೇಕಲ್ಲ ಎಂಬ ಸಿಟ್ಟಿಗೆ ಕಣ್ಣು ಮಂಜಾಯಿತು.

ತಾಂಕ್ರೇದಿಯ ಹಣೆಯಲ್ಲಿ ಒಂದು ಹನಿ ಬೆವರಿರಲಿಲ್ಲ. ಬೆವರುವಷ್ಟು ತುಳಿದಿದ್ದರೆ ತಾನೇ.

ಕೊನೆಯ ಏರು ಅತಿ ಕಡಿದು. ಮೇಲೆ ಚರ್ಚಿನ ಗೋಡೆ ಕಾಣುತ್ತಿತ್ತು, ಅಂಗಳದಂಚಿನ ವೈನಿನಂಗಡಿ ಕಾಣುತ್ತಿತ್ತು, ನೋಡಲೆಂದೇ ಬಂದು ಕೂತಿದ್ದ ಗೆಳೆಯ ಗೌದೆಂತ್ಸಿಯೊ ಕಾಣುತ್ತಿದ್ದ. ಇನ್ನುಳಿದದ್ದು ಇನ್ನೂರು ಮಾರು. ಇಲ್ಲಿ ಮಾತ್ರ ತಾಂಕ್ರೇದಿ ಪಕ್ಕಕ್ಕೆ ಬಂದ. ಯಂತ್ರ ನೋಡಿದ. ಎರ್ಮೆತೆಯ ಮುಖ ನೋಡಿದ. ಚರ್ಚನ್ನು ನೋಡಿದ.

"ನಿಧಾನ ಹೋಗೋಣ, ಸಿನ್ಯೋರೆ. ದಯವಿಟ್ಟು."

"ಬೇಡ್ಕೋಬೇಡ. ತುಳಿ."

ತಾಂಕ್ರೇದಿ ಒಂದು ಕ್ಷಣ ಕಣ್ಣು ಮುಚ್ಚಿದ. ಆಮೇಲೆ ಬೇಕೆಂದೇ, ಎಲ್ಲರಿಗೂ ಕಾಣುವಂತೆ, ನೆಲಕ್ಕೆ ಕಾಲೂರಿದ.

"ಮೂರು," ಎಂದು ಎರ್ಮೆತೆ ಸೈಕಲ್ಲಿನ ಮೇಲೆ ಬಗ್ಗಿ ಕೆಮ್ಮಿದ. ಗೆದ್ದಿದ್ದ. ಉಳಿದ ದಾರಿಯನ್ನು ಇಬ್ಬರೂ ಸೈಕಲ್ ತಳ್ಳಿಕೊಂಡು ನಡೆದರು. ಸೋತವನು ಇಡೀ ದಾರಿ ಗೆದ್ದವನ ಮೊಣಕೈ ಹತ್ತಿರವೇ ಇದ್ದ.

ಕಟ್ಟಳೆಯಂತೆ ತಾಂಕ್ರೇದಿ ವೈನ್ ತರಲು ಒಳಗೆ ಹೋದ. ಎರ್ಮೆತೆ ಕುರ್ಚಿಗೆ ಒರಗಿ ಮಗಳಿಗೆ ಫೋನ್ ಮಾಡಿದ.

"ಮೂರು ಸಲ ಊರಿದ ನಿನ್ನ ಗಂಡು. ಶನಿವಾರ ಒಬ್ಬಳೇ ನಡೆ."

"ಸರಿ," ಎಂದಳು ಒತ್ತಾವಿಯಾ. "ನೀನು ಹೇಗಿದ್ದೀಯ?"

"ನನಗೇನು ದಾಡಿ," ಎಂದು ಫೋನ್ ಇಟ್ಟ. ಅವಳು ಅಳುತ್ತಾಳೆ ಎಂದುಕೊಂಡಿದ್ದ. ಅಳದಿದ್ದದ್ದು ಅವನಿಗೆ ಹಿಡಿಸಲಿಲ್ಲ.

ತಾಂಕ್ರೇದಿಯ ಸೈಕಲ್ಲಿನಿಂದ ಯಂತ್ರವನ್ನು ಕಿತ್ತು ಗೆಳೆಯನ ಕೈಗಿಟ್ಟ. "ನನಗೆ ಕನ್ನಡಕ ಇಲ್ಲ. ಕೋಳಿಮರಿ ಎದೆ ಎಷ್ಟು ಹೊಡ್ಕೊಳ್ತಿದೆ, ಓದು."

"ನೂರ ನಲವತ್ತೊಂದು," ಎಂದ ಗೌದೆಂತ್ಸಿಯೊ.

"ಒಳಗೆ ನಿಂತು ವೈನ್ ಬಗ್ಗಿಸೋದಕ್ಕೇ ಅಷ್ಟಾ?" ಎರ್ಮೆತೆ ಮೇಜು ಕುಟ್ಟಿ ನಕ್ಕ, ನಕ್ಕು ನಕ್ಕು ಕೆಮ್ಮಿದ.

"ನೂರ ಐವತ್ತೆರಡು," ಎಂದ ಗೌದೆಂತ್ಸಿಯೊ. ಅವನು ನಗುತ್ತಿರಲಿಲ್ಲ. ಯಂತ್ರವನ್ನು ಕಣ್ಣಿನ ಹತ್ತಿರ ಹಿಡಿದು, ಗೆಳೆಯನತ್ತ ಒಮ್ಮೆ ನೋಡಿ, ಮತ್ತೆ ಓದಿದ.

"ಎರ್ಮೆತೆ, ಅಂಕಿಯ ಮೇಲೆ ನಿನ್ನ ಹೆಸರಿದೆಯಲ್ಲೋ."